ಚಾರ್ಜಿಂಗ್ ದೀಪ (ಕಾರು): ದೋಷಪತ್ತೆ

ಕಾರಿನ ಮೀಟರ್ ಫಲಕದಲ್ಲಿ ಬ್ಯಾಟರಿಯ ಚಿತ್ರವಾಗಿ ಉರಿಯುವ ಕೆಂಪು ದೀಪ. ಚಿತ್ರ ಬ್ಯಾಟರಿಯದಾದ್ದರಿಂದ ಬ್ಯಾಟರಿ ಕೆಟ್ಟಿದೆಯೆಂದೇ ಬಹಳ ಮಂದಿ ತಿಳಿಯುತ್ತಾರೆ. ದೀಪ ಹೇಳುವುದು ಬೇರೆ: ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನಿಂದ ಚಾರ್ಜ್ ಬರುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅದು ಆರದಿರುವುದು ಇದರಿಂದಲೇ.

ನಾಡಿನ ಉಳಿದೆಡೆಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಆಲ್ಟರ್ನೇಟರಿಗೆ ‘ಡೈನಮೊ’ ಎನ್ನುವ ರೂಢಿಯಿದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟ ನಂತರದ ದಶಕಗಳಲ್ಲಿ ಡೈನಮೊ ಮರೆಯಾಯಿತು, ಹೆಸರು ಉಳಿಯಿತು. ಅದರ ಜೊತೆಗೆ ಆ ಕಾಲದ ಒಂದು ಪರೀಕ್ಷೆಯೂ ಉಳಿಯಿತು: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ ನೋಡುವುದು. ಈಗಿನ ಕಾರಿನಲ್ಲಿ ಇದನ್ನು ಮಾಡಲೇಬಾರದು. ಒಮ್ಮೆಲೇ ಏರುವ ವೋಲ್ಟೇಜು ಆಲ್ಟರ್ನೇಟರಿನ ಡಯೋಡುಗಳನ್ನೂ ಎಂಜಿನ್ ನಿಯಂತ್ರಕವನ್ನೂ ಸುಡಬಲ್ಲದು.

ಬಲ್ಬ್ ಇರುವ ಹಳೆಯ ಜೋಡಣೆಯಲ್ಲಿ ದೀಪದ ಒಂದು ತುದಿ ಕೀ ಮೂಲಕ ಬ್ಯಾಟರಿಗೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ ಸೇರಿರುತ್ತದೆ. ಕೀ ತಿರುಗಿಸಿದಾಗ ಕರೆಂಟು ಹರಿದು ದೀಪ ಹತ್ತುತ್ತದೆ. ಎಂಜಿನ್ ಓಡಿದ ಮೇಲೆ ಎರಡೂ ತುದಿಗಳ ವೋಲ್ಟೇಜು ಸಮನಾಗಿ ಆರುತ್ತದೆ. ಆದ್ದರಿಂದ ಪರೀಕ್ಷೆ ಕೀಯಿಂದಲೇ ಶುರುವಾಗಬೇಕು. ಆಗ ದೀಪ ಹತ್ತದಿದ್ದರೆ ಬಲ್ಬ್ ಹೋಗಿದೆ, ತಂತಿ ತುಂಡಾಗಿದೆ, ಇಲ್ಲವೇ ಕಾರ್ಬನ್ ಬ್ರಷ್ ಸವೆದಿದೆ. ಆಲ್ಟರ್ನೇಟರಿನ ಸಣ್ಣ ತಂತಿಯನ್ನು ಕಳಚಿ ಎಂಜಿನ್ ಬಾಡಿಗೆ ಮುಟ್ಟಿಸಿದಾಗ ಹತ್ತಿದರೆ ಬಲ್ಬೂ ತಂತಿಯೂ ಸರಿಯಿವೆ, ತಪ್ಪು ಆಲ್ಟರ್ನೇಟರಿನ ಒಳಗಿದೆ. ಹೊಸ ಕಾರುಗಳಲ್ಲಿ ಈ ತಂತಿಯ ಪರೀಕ್ಷೆ ಸಲ್ಲದು.

ಓಡುವಾಗ ದೀಪ ಹತ್ತಿದರೆ ಮೊದಲು ಬೆಲ್ಟ್ ನೋಡಬೇಕು. ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಅದು ಹರಿದರೆ ಎಂಜಿನ್ ಕಾಯುತ್ತದೆ. ಕೆಲವು ಹಳೆಯ ಡೀಸೆಲ್ ವಾಹನಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟ್ ಹೋದರೆ ಬ್ರೇಕ್ ಪೆಡಲು ಗಟ್ಟಿಯಾಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಇಳಿಯುವಾಗ ಹೀಗಾದರೆ ಗಾಡಿ ನಿಲ್ಲಿಸುವುದೊಂದೇ ದಾರಿ.

ಬೆಲ್ಟ್ ಸರಿಯಿದ್ದರೆ ಮಲ್ಟಿಮೀಟರ್ ಹಿಡಿಯಬೇಕು. ಪೂರ್ಣ ಚಾರ್ಜಾದ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸುತ್ತದೆ. ಓಡುವಾಗಲೂ 12.6ಕ್ಕಿಂತ ಮೇಲೇರದಿದ್ದರೆ ಚಾರ್ಜಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ. ಆಲ್ಟರ್ನೇಟರಿನ ಬಳಿ 14 ಇದ್ದು ಬ್ಯಾಟರಿಯ ಬಳಿ 13 ಇದ್ದರೆ ತಪ್ಪು ನಡುವಿನ ತಂತಿ, ಟರ್ಮಿನಲ್ ಅಥವಾ ಅರ್ಥಿಂಗಿನದು. ಬಿಸಿನೀರು ಸುರಿದು ತುಕ್ಕು ತೊಳೆದು ಬಿಗಿ ಮಾಡಿದರೆ ಎಷ್ಟೋ ಸಲ ಖರ್ಚಿಲ್ಲದೆ ಮುಗಿಯುತ್ತದೆ. ದೀಪ ಮಂದವಾಗಿ ಮಿಣುಕುತ್ತಿದ್ದರೆ ಡಯೋಡಿನ ಮೇಲೆ ಅನುಮಾನಪಡಬೇಕು.

ಈ ಭಾಗದಲ್ಲಿ ನೆನಪಿಡಬೇಕಾದ ಇನ್ನೊಂದು ಮಾತು ನೀರಿನದು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಿದು, ಕೊಳವೆಬಾವಿಯ ನೀರಿನಲ್ಲಿ ಲವಣವೂ ಫ್ಲೋರೈಡೂ ಹೆಚ್ಚು. ಅದನ್ನು ಬ್ಯಾಟರಿಗೆ ತುಂಬಿದರೆ ಪ್ಲೇಟುಗಳು ಹಾಳಾಗಿ, ಆಲ್ಟರ್ನೇಟರ್ ಸರಿಯಿದ್ದರೂ ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುವುದಿಲ್ಲ. ಡಿಸ್ಟಿಲ್ಡ್ ನೀರೇ ಬೇಕು.

ಇತ್ತೀಚಿನ ಹಲವು ಕಾರುಗಳಲ್ಲಿ ಚಾರ್ಜಿನ ಪ್ರಮಾಣವನ್ನು ಎಂಜಿನ್ ನಿಯಂತ್ರಕವೇ ತೀರ್ಮಾನಿಸುತ್ತದೆ. ಇಂಧನ ಉಳಿಸಲು ಕೆಲಹೊತ್ತು 13 ವೋಲ್ಟಿಗಿಂತ ಕೆಳಗಿಳಿಸುವುದೂ ಉಂಟು. ಇವುಗಳಲ್ಲಿ ಸ್ಕ್ಯಾನರ್ ಹಾಕಿ ನೋಡದೆ ಆಲ್ಟರ್ನೇಟರ್ ಬಿಚ್ಚಿಸಬಾರದು.