ದೊಡ್ಡಮ್ಮನ ಕೈ, ರೇಷ್ಮೆಗೂಡಿನ ಅಂಟು

ಅಕ್ಕನ ಮಗಳು ಬೆಂಗಳೂರಿಂದ ಬಂದಿದ್ಲು. ಬ್ಯಾಗಲ್ಲಿ ಒಂದು ಚಿಕ್ಕ ಸೀಸೆ, ಮುಖಕ್ಕೆ ಹಚ್ಕೊಳ್ಳೋ ಸೀರಮ್ ಅಂತೆ. ಮೇಲೆ ‘ಸಿಲ್ಕ್ ಪ್ರೋಟೀನ್’ ಅಂತ ಬರೆದೈತೆ. "ಚಿಕ್ಕಮ್ಮಾ, ಇದು ನಮ್ಮೂರ ರೇಷ್ಮೆನೇನಾ?" ಅಂದ್ಲು. ಪಕ್ಕದಲ್ಲಿ ಅವರೆಕಾಯಿ ಸುಲೀತಾ ಕೂತಿದ್ದ ನಮ್ಮ ದೊಡ್ಡಮ್ಮ ಏನೂ ಮಾತಾಡ್ಲಿಲ್ಲ, ಎರಡೂ ಕೈ ಅವಳ ಮುಂದೆ ಚಾಚಿದ್ಲು. ಬೆರಳ ತುದಿ ಒಂದೂ ನೆಟ್ಟಗಿಲ್ಲ. ಚರ್ಮ ದಪ್ಪ, ಉಗುರು ಸೊಟ್ಟ.

ದೊಡ್ಡಮ್ಮ ಸಾದಲಿ ಹೋಬಳಿಯ ಮನೆಯಿಂದ ಶಿಡ್ಲಘಟ್ಟಕ್ಕೆ ಮದುವೆಯಾಗಿ ಹೋದವಳು. ತವರಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದು ಹುಳ ಸಾಕಿದ್ಲು, ಗಂಡನ ಮನೇಲಿ ನೂಲು ಬಿಚ್ಚಿದ್ಲು. ಅವಳ ಕೈಗೂ ಆ ಸೀಸೆಗೂ ಏನು ಸಂಬಂಧ ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ.

ಗೂಡಿನ ಎಳೇಲಿ ಎರಡು ಪದಾರ್ಥ ಇರ್ತವೆ. ಒಳಗಿರೋದು ಫೈಬ್ರೋಯಿನ್, ಅದೇ ನಾವು ಸೀರೆ ಅಂತ ಉಡೋ ರೇಷ್ಮೆ. ಅದರ ಮೇಲೆ ಅಂಟಿನ ಥರ ಸುತ್ಕೊಂಡಿರೋದು ಸೆರಿಸಿನ್. ತೂಕದಲ್ಲಿ ನೂರಕ್ಕೆ 20ರಿಂದ 30 ಪಾಲು ಈ ಅಂಟೇ. ಇದು ಬಿಸಿನೀರಲ್ಲಿ ಮೆತ್ತಗಾಗುತ್ತೆ, ಅದಕ್ಕೇ ಗೂಡು ಬೇಯಿಸ್ದೆ ಎಳೆ ಬರೋದಿಲ್ಲ. ಬಿಚ್ಚೋವಾಗ ಸ್ವಲ್ಪ ಅಂಟು ನೀರಿಗೆ ಹೋಗುತ್ತೆ. ಮಿಕ್ಕಿದ್ದನ್ನ ಬಣ್ಣ ಹಾಕೋಕೆ ಮುಂಚೆ ಸೋಪು, ಸೋಡಾ ಹಾಕಿ ಕುದಿಸಿ ತೆಗೀತಾರೆ. ಎರಡು ಕಡೆನೂ ಕೊನೆಗೆ ಅದು ಸೇರೋದು ಮೋರಿಗೆ.

1865ರಲ್ಲಿ ಎಮಿಲ್ ಕ್ರೇಮರ್ ಅನ್ನೋ ಜರ್ಮನ್ ವಿಜ್ಞಾನಿ ಈ ಅಂಟನ್ನ ಒಡೆದು ನೋಡಿ ಒಂದು ಅಮೈನೋ ಆಮ್ಲ ಕಂಡುಹಿಡಿದ್ರು. ರೇಷ್ಮೆಗೆ ಲ್ಯಾಟಿನ್ನಲ್ಲಿ ಸೆರಿಕಮ್ ಅಂತಾರೆ, ಅದರಿಂದ ಇದಕ್ಕೆ ಸೆರೀನ್ ಅಂತ ಹೆಸರು. ಸೆರಿಸಿನ್‌ನಲ್ಲಿ ಮೂರರಲ್ಲಿ ಒಂದು ಪಾಲು ಇದೇ. ನಮ್ಮ ಚರ್ಮ ಒಣಗದ ಹಂಗೆ ನೀರು ಹಿಡಿದಿಡೋ ಪದಾರ್ಥಗಳಲ್ಲೂ ಸೆರೀನ್ ಐತೆ. ಕ್ರೀಮಿನವರಿಗೆ ಇದರ ಮೇಲೆ ಕಣ್ಣು ಬಿದ್ದಿದ್ದು ಅದಕ್ಕೇ.

ಜಪಾನಿನ ಫುಕುಯಿಯಲ್ಲಿ ಸೇರೆನ್ ಅಂತ ಒಂದು ಕಂಪನಿ, 1889ರಲ್ಲಿ ರೇಷ್ಮೆಯ ಅಂಟು ತೆಗೆಯೋ ಕಸುಬಿಂದಲೇ ಶುರುವಾಗಿದ್ದು. ಆ ನೀರಲ್ಲಿ ಕೈ ಆಡಿಸೋ ಕೆಲಸಗಾರರ ಕೈ ನುಣ್ಣಗಿರೋದನ್ನ ನೋಡಿ ಸೆರಿಸಿನ್ ಕಡೆ ತಿರುಗಿದ್ವಿ ಅಂತ ಅವರೇ ಹೇಳ್ಕೊಳ್ತಾರೆ, ಕ್ರೀಮೂ ಮಾರ್ತಾರೆ. ಇದನ್ನ ಓದಿ ಹೇಳಿದಾಗ ದೊಡ್ಡಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು ಹಾಕ್ಕೊಂಡ್ಲು. "ಅವ್ರು ಚರಕ ಮುಟ್ಟಿಲ್ಲ ಬಿಡು" ಅಂದ್ಲು.

ಅವಳು ಹೇಳಿದ್ದು ಸರಿ. ಚರಕದಲ್ಲಿ ಬೇಯಿಸೋ ಪಾತ್ರೆನೂ ಬಿಚ್ಚೋ ಪಾತ್ರೆನೂ ಒಂದೇ. ಕುದಿಯೋಕೆ ಬಂದ ನೀರಲ್ಲೇ ಬೆರಳಿಟ್ಟು ಎಳೆ ತುದಿ ಹುಡುಕಬೇಕು. ಒಬ್ರು ಚಕ್ರ ತಿರುಗಿಸ್ತಾರೆ, ಒಬ್ರು ನೀರ ಮುಂದೆ. ಆಮೇಲೆ ಬಂದ ಕಾಟೇಜ್ ಬೇಸಿನ್‌ನಲ್ಲಿ ಬೇಯಿಸೋದು ಬೇರೆ, ಬಿಚ್ಚೋದು ಬೇರೆ, ನೀರೂ ಉಗುರುಬೆಚ್ಚಗೆ. ಆದ್ರೂ ದಿನವೆಲ್ಲ ಕೈ ನೀರಲ್ಲೇ ತಾನೇ? ನೆಂದು ನೆಂದು ಚರ್ಮದ ಜಿಡ್ಡು ಹೋಗುತ್ತೆ, ಬಿರಿಯುತ್ತೆ, ಬಿರುಕಿಗೆ ಸತ್ತ ಹುಳದ ನೀರು ಇಳಿದು ಕೀವಾಗುತ್ತೆ. ನೀರಲ್ಲಿ ಸೆರೀನ್ ಇದ್ರೆ ಏನು ಬಂತು! ಶುದ್ಧ ಮಾಡಿ ಅಳತೆ ನೋಡಿ ಹಾಕಿದ್ದೇ ಬೇರೆ, ಇದೇ ಬೇರೆ. ರಾತ್ರಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಕೊಂಡು, ಹಳೇ ಬಟ್ಟೆ ಸುತ್ಕೊಂಡು ಮಲಗ್ತಿದ್ಲಂತೆ. ಅನ್ನ ಕಲಸೋಕೂ ಆಗದ ದಿನ ಅಜ್ಜಿ ತುತ್ತು ಕೊಡ್ತಿದ್ಲಂತೆ, ಮದುವೆಯಾಗಿ ಎರಡು ಮಕ್ಕಳಾದ ಸೊಸೆಗೆ.

ನಮ್ಮ ಮೈಸೂರು ಸೀಮೆಗೆ ರೇಷ್ಮೆ ಕಸುಬು ತಂದಿದ್ದು ಟಿಪ್ಪು ಸುಲ್ತಾನ್ ಅಂತ ಎಲ್ರಿಗೂ ಗೊತ್ತು. 1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಲ್ಲಿ ರೇಷ್ಮೆ ಫಾರಂ ಮಾಡಿ ಜಪಾನಿನವರನ್ನ ಕರೆಸಿದ್ರು. ನೂಲು ತೆಗೆಯೋದು ಕಲಿಸೋಕೆ ಎಷ್ಟೊಂದು ಜನ ಬಂದ್ರು ನೋಡಿ, ಕೈ ಉಳಿಸ್ಕೊಳ್ಳೋದು ಹೆಂಗೆ ಅಂತ ಮಾತ್ರ ದೊಡ್ಡಮ್ಮನಿಗೆ ಯಾರೂ ಕಲಿಸಲಿಲ್ಲ.

ಬೆಂಗಳೂರಿನ ಮಡಿವಾಳದ ಹತ್ರ 1983ರಿಂದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಐತೆ. ಮೋರಿಗೆ ಹೋಗೋ ನೀರಿಂದ ಸೆರಿಸಿನ್ ಹಿಡಿದು ಪುಡಿ ಮಾಡೋ ಕೆಲಸ ಅಲ್ಲೂ ನಡೆದೈತೆ. ನಂಗೆ ಎಲ್ಲಕ್ಕಿಂತ ತಾಗಿದ್ದು ಥಾಯ್ಲೆಂಡಿನ ಸುದ್ದಿ. ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದವರು ಸುಟ್ಟಗಾಯದ ಮುಲಾಮಿಗೆ ಸೆರಿಸಿನ್ ಸೇರಿಸಿ ರೋಗಿಗಳಿಗೆ ಹಚ್ಚಿ ನೋಡಿದ್ರು, 2013ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಬರೀ ಮುಲಾಮು ಹಚ್ಚಿದ ಗಾಯ ವಾಸಿಯಾಗೋಕೆ ಸುಮಾರು 29 ದಿನ ಹಿಡಿದ್ರೆ, ಸೆರಿಸಿನ್ ಸೇರಿಸಿದ್ದಕ್ಕೆ ಸುಮಾರು 22 ದಿನ. ಸಣ್ಣ ಪರೀಕ್ಷೆನೇ, ಮೂವತ್ತು ಜನಾನೂ ಇರ್ಲಿಲ್ಲ. ಆದ್ರೂ ಬೆರಳು ಬೆಂದ ಮನೆಯವರು ಇದನ್ನ ಓದಿ ಸುಮ್ಮನೆ ಇರೋಕಾಗಲ್ಲ.

ಇದನ್ನ ಓದಿ ಯಾರಾದ್ರೂ ಗೂಡು ಬೇಯಿಸಿದ ನೀರು ಮುಖಕ್ಕೆ ಹಚ್ಕೊಂಡೀರಾ, ಬೇಡ್ರಮ್ಮ. ಹುಳ ಇದ್ದ ಗೂಡಿನ ನೀರು ಬೇಗ ಕೊಳೆಯುತ್ತೆ, ಕೆಲವರಿಗೆ ರೇಷ್ಮೆ ಅಂಟೇ ಒಗ್ಗದೆ ತುರಿಕೆ ಬರುತ್ತೆ. ಅಂಗಡೀಲಿ ತಗೊಳ್ಳೋದಾದ್ರೆ ಸೀಸೆ ಹಿಂದೆ ಸೆರಿಸಿನ್ ಅಂತ ಬರೆದೈತಾ ನೋಡಿ, ಬರೀ ಸಿಲ್ಕ್ ಅಂದ್ರೆ ಫೈಬ್ರೋಯಿನ್ನೂ ಇರಬಹುದು. ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ಬಿಡಿ.

ಹುಡುಗಿ ಹೊರಡೋವಾಗ ಒಂದು ತೊಟ್ಟು ಸೀರಮ್ ದೊಡ್ಡಮ್ಮನ ಅಂಗೈಗೆ ಬಿಟ್ಲು. ದೊಡ್ಡಮ್ಮ ಮೂಸಿ ನೋಡಿ, "ವಾಸನೇನೇ ಇಲ್ವಲ್ಲೇ" ಅಂದ್ಲು. ಆಮೇಲೆ ಅದನ್ನ ಹಿಮ್ಮಡಿ ಬಿರುಕಿಗೆ ಸವರ್ಕೊಂಡು ಅವರೆಕಾಯಿ ಮುಂದೆ ಕೂತ್ಲು.