ಮುಂಡಿಗೆ ಬಿಡಿಸುವ ಸೀಮೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಾಡು ಕಟ್ಟುವವರಷ್ಟೇ ಹಾಡಿನ ಅರ್ಥ ಬಿಡಿಸುವವರಿಗೂ ಮರ್ಯಾದೆ ಇತ್ತು. ಮೇಲೊಂದು ಹೇಳಿ ಒಳಗೊಂದು ಅಡಗಿಸುವ ಪದಗಳು ಇಲ್ಲಿ ಶತಮಾನಗಟ್ಟಲೆ ಹುಟ್ಟಿವೆ. ಹಿರೇಕೆರೂರಿನ ಗಡಿಯಾಚೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ 12ನೆಯ ಶತಮಾನದ ಅಲ್ಲಮಪ್ರಭುವಿನ ಊರು. ಅವನ ಬೆಡಗಿನ ವಚನಗಳಿಗೆ ಮುಂದಿನ ಶತಮಾನಗಳಲ್ಲಿ ವೀರಶೈವ ಪಂಡಿತರು ಸಾಲುಸಾಲಾಗಿ ಟೀಕೆ ಬರೆದರು. ಓದಿದವರ ಆ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಬಹುಪಾಲು ಬಾಯಿಂದ ಬಾಯಿಗೆ ನಡೆಸಿದವರು ಭಜನೆಯವರು, ಕೀರ್ತನಕಾರರು, ಲಾವಣಿಯವರು.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 16ನೆಯ ಶತಮಾನದವರು. ಅವರ ಮುಂಡಿಗೆ, ಅಂದರೆ ಒಗಟಿನಂಥ ಹಾಡು, ಬಿಡಿಸಲು ಪುರಾಣ ಗೊತ್ತಿರಬೇಕು. ಮುಂಡಿಗೆಗಳಲ್ಲಿ ದೇವರ ಹೆಸರನ್ನು ನೇರವಾಗಿ ಹೇಳದೆ ನಂಟಿನ ಸರಪಳಿಯಲ್ಲಿ ಸುತ್ತಿಡುವುದುಂಟು. ಮಾದರಿಗೆ, ‘ಗಾಳಿಯ ಮಗನ ತಮ್ಮನ ಬಂಡಿ ಹೊಡೆದವನು’ ಎಂದರೆ ವಾಯುವಿನ ಮಗ ಭೀಮ, ಅವನ ತಮ್ಮ ಅರ್ಜುನ, ಅರ್ಜುನನ ಸಾರಥಿ ಕೃಷ್ಣ. ಒಂದು ಕೊಂಡಿ ತಪ್ಪಿದರೂ ಹಾಡು ಬೇರೆ ದೇವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಕೊನೆಯಲ್ಲಿ ಬರುವ ಕಾಗಿನೆಲೆ ಆದಿಕೇಶವನ ಅಂಕಿತ ಹಾಡು ಯಾರದೆಂದು ಹೇಳುವುದಲ್ಲದೆ ಉತ್ತರ ಯಾವ ಕಡೆಗಿದೆ ಎಂಬುದನ್ನೂ ತೋರಿಸುತ್ತದೆ.

ಇದೇ ಸೀಮೆಯ ಅಬಲೂರು, ಮಾಸೂರುಗಳ ಹೆಸರಿನೊಂದಿಗೆ ಜನ ನೆನೆಯುವ ಸರ್ವಜ್ಞನ ಒಗಟಿಗೆ ಪುರಾಣ ಬೇಡ, ಮನೆ-ಹೊಲದ ಬಳಕೆ ಇದ್ದರೆ ಸಾಕು. ಹೀಗಾಗಿ ಅವು ಪಂಡಿತರಿಗಿಂತ ಮಕ್ಕಳು ಮುದುಕಿಯರ ಬಾಯಲ್ಲಿ ಹೆಚ್ಚು ಉಳಿದವು. ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು ಊರೂರಿಂದ ಈ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು.

ಅರ್ಥದ ಜಗ್ಗಾಟ ಹೆಚ್ಚು ನಡೆದದ್ದು ಶಿಶುನಾಳ ಶರೀಫರ (1819–1889) ಪದಗಳ ಸುತ್ತ. ಶಿಶುನಾಳವೂ ಶಿಗ್ಗಾವಿ ತಾಲ್ಲೂಕಿನದೇ. ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ಕೋಳಿಯೊಂದು ಕೋಡಗವನ್ನು ನುಂಗಿದ ಅವರ ಪದ ನಾಡಿಗೆಲ್ಲ ಗೊತ್ತು. ಕೋಡಗವೆಂದರೆ ಚಂಚಲ ಮನಸ್ಸು, ಕೋಳಿಯೆಂದರೆ ನಸುಕಿನಲ್ಲಿ ಕೂಗಿ ಎಬ್ಬಿಸುವ ಅರಿವು ಎಂಬುದು ಅದಕ್ಕೆ ಹೇಳುವ ಅರ್ಥಗಳಲ್ಲೊಂದು. ಈ ಅರ್ಥ ತಪ್ಪಲ್ಲ, ಅವಸರದ್ದು. ಪದದಲ್ಲಿ ನುಂಗುವ ಜೋಡಿಗಳೆಲ್ಲ ಒಂದೇ ಜಾತಿಯವಲ್ಲ. ಆಡು ಆನೆಯನ್ನು ನುಂಗುವುದು ಆಗದ ಮಾತು. ಆದರೆ ಗೋಡೆ ಸುಣ್ಣವನ್ನು ಹೀರುವುದು, ಒಳ್ಳು ಒನಕೆಯನ್ನು ಒಳಗೆಳೆದುಕೊಳ್ಳುವುದು ದಿನಾ ಕಣ್ಣೆದುರು ನಡೆಯುತ್ತಿದ್ದ ಸಂಗತಿ. ನೇಕಾರನನ್ನು ಕುಣಿ ನುಂಗಿತೆಂಬುದೂ ಹಾಗೆಯೇ: ಕುಣಿಮಗ್ಗದವನು ನೆಲದ ಅಂಚಿಗೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾನೆ. ಬಾಗಿಲಲ್ಲಿ ನಿಂತವರಿಗೆ ಅವನು ಸೊಂಟದ ಮಟ್ಟ ಭೂಮಿಗೆ ಇಳಿದಂತೆಯೇ ಕಾಣುತ್ತಾನೆ. ಆಗದ್ದನ್ನೂ ಆಗುವುದನ್ನೂ ಹೀಗೆ ಬೆರೆಸಿ ಕೇಳುಗರ ನಗು, ಅನುಮಾನ ಎರಡನ್ನೂ ಎಬ್ಬಿಸಿ, ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಿತೆಂದಾಗ ಅದು ಯಾವ ಸಾಲಿಗೆ ಸೇರುತ್ತದೆಂಬ ಪ್ರಶ್ನೆಯನ್ನು ಪದ ಕೇಳುಗರಿಗೇ ಬಿಡುತ್ತದೆ. ಮೊದಲ ಸಾಲಿನಲ್ಲೇ ಮೋಕ್ಷಕ್ಕೆ ಹಾರುವ ವ್ಯಾಖ್ಯಾನಕ್ಕೆ ಈ ಆಟ ಸಿಗುವುದಿಲ್ಲ. ಅವರ ಗಿರಣಿಯ ಪದವೂ ಅಷ್ಟೆ. ಯಂತ್ರ ಕಂಡು ಬೆರಗಾದ ಹಳ್ಳಿಗರ ಕಣ್ಣನ್ನು ಬಿಟ್ಟು, ಗಿರಣಿಯೆಂದರೆ ದೇಹ ಎಂದಷ್ಟೇ ಬರೆದರೆ ಅರ್ಧ ಹಾಡು ಕಳೆದಂತೆ.

ಶರೀಫರು ಮೊಹರಮ್ಮಿಗೆಂದೂ ಪದ ಕಟ್ಟಿದರು. ಅವುಗಳ ಅರ್ಥಕ್ಕೆ ಕರ್ಬಲಾದ ಕಥೆ ಬೇಕು, ಹಸೇನ-ಹುಸೇನರು ಯಾರೆಂದು ಗೊತ್ತಿರಬೇಕು. ಹತ್ತಿರದ ಸವಣೂರು ನವಾಬರ ರಾಜಧಾನಿಯಾಗಿತ್ತು. ಉತ್ತರಾದಿ ಮಠದ ಸತ್ಯಬೋಧತೀರ್ಥರ ಬೃಂದಾವನವೂ ಅಲ್ಲೇ ಇದೆ. ದಖನಿ ಮಾತು, ಕನ್ನಡ, ಸಂಸ್ಕೃತ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದ ನೆರೆಯಲ್ಲಿ ಇಂಥ ಪದ ಯಾರಿಗೂ ಪರಕೀಯವಾಗಿರಲಿಲ್ಲ. ಈಗಿನ ಓದುಗರಿಗೆ ಮಾತ್ರ ಅಡಿಟಿಪ್ಪಣಿ ಬೇಕಾಗುತ್ತದೆ.

ಹಾನಗಲ್ಲ ತಾಲ್ಲೂಕಿನ ಪಾಲು ಗಾಯನದ್ದು. ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದವರು. ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ವಚನ ಹಾಡಿಕೆಗೆ ಅಲ್ಲಿ ದೊಡ್ಡ ಸ್ಥಾನವಿತ್ತು.

ಲಾವಣಿಯಲ್ಲಿ ಅರ್ಥವೇ ಪಂದ್ಯದ ವಸ್ತು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಶಿವನ, ಗಂಡಿನ ಪಕ್ಷ; ಇನ್ನೊಂದು ಶಕ್ತಿಯ, ಹೆಣ್ಣಿನ ಪಕ್ಷ. ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಎಸೆಯುತ್ತಾರೆ. ಎದುರಿನವರು ಅದರ ಗಂಟು ಬಿಚ್ಚಿ, ತಮ್ಮದೊಂದು ಗಂಟು ಹಾಕಿ ತಿರುಗಿಸಬೇಕು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಕೂಟದಿಂದ ತನ್ನ ಹುಟ್ಟನ್ನು ಲೆಕ್ಕ ಹಾಕುವ ಹಿಪ್-ಹಾಪ್‌ನಲ್ಲೂ ಇಂಥ ಪದ್ಯಕಾಳಗ ಬೆಳೆಯಿತು. ಎದುರಾಳಿಯನ್ನು ಪ್ರಾಸದಲ್ಲಿ ಕೆಣಕುವುದು, ತನ್ನ ಹೆಸರನ್ನು ಪದ್ಯದೊಳಗೇ ನೇಯುವುದು, ತನ್ನ ಓಣಿಯವರಿಗಷ್ಟೇ ತಿಳಿಯುವ ಸೂಚನೆ ಇಡುವುದು ಅಲ್ಲೂ ಉಂಟು. ಎರಡಕ್ಕೂ ನಂಟಿಲ್ಲ, ಆದರೂ ಓಣಿ ಗೊತ್ತಿಲ್ಲದವರಿಗೆ ಎರಡೂ ಬಾಗಿಲು ತೆರೆಯುವುದಿಲ್ಲ.

ಶರೀಫರ ಪದಗಳನ್ನು ನಗರಗಳಿಗೆ ಮುಟ್ಟಿಸಿದ್ದು ಸಿ. ಅಶ್ವತ್ಥರ ಗಾಯನ ಮತ್ತು ಟಿ.ಎಸ್. ನಾಗಾಭರಣ ನಿರ್ದೇಶಿಸಿದ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ. ಭಜನೆಯಲ್ಲಿ ಪದ ನಿಲ್ಲಿಸಿ, ಹಿರಿಯರೊಬ್ಬರು ಅರ್ಥ ಹೇಳಿ, ಒಪ್ಪದವರು ತಕರಾರು ತೆಗೆದು, ಮತ್ತೆ ಪಲ್ಲವಿ ಎತ್ತಿಕೊಳ್ಳುವ ಬಿಡುವು ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಧಾಟಿ ಲಕ್ಷಾಂತರ ಜನರಿಗೆ ಬಾಯಿಪಾಠವಾಯಿತು. ಕೋಳಿಯ ಪದದಲ್ಲಿ ಬರುವ ಒಳ್ಳು, ಲಾಳಿ, ಕುಣಿಗಳು ಅಷ್ಟರಲ್ಲೇ ಎಷ್ಟೋ ಮನೆಗಳಿಂದ ಮರೆಯಾಗಿದ್ದವು. ಶರೀಫರ ಕಾಲದ ಮಕ್ಕಳಿಗೂ ಗೊತ್ತಿದ್ದ ಈ ಸಾಮಾನುಗಳನ್ನೇ ಇಂದಿನ ವ್ಯಾಖ್ಯಾನಕಾರರು ಮೊದಲು ವಿವರಿಸಬೇಕಾಗಿದೆ.