ಸೆಮಾಖ್ ರೈಲು ನಿಲ್ದಾಣ

ಇಸ್ರೇಲಿನ ಗಲಿಲಿ ಸರೋವರದ ದಕ್ಷಿಣ ದಂಡೆಯಲ್ಲಿರುವ ಹಳೆಯ ಕಲ್ಲಿನ ಕಟ್ಟಡ ಸೆಮಾಖ್ ರೈಲು ನಿಲ್ದಾಣ. 1905ರಲ್ಲಿ ತುರ್ಕಿಯ ಆಟೊಮನ್ ಸರ್ಕಾರ ಹೈಫಾ ಬಂದರಿನಿಂದ ಸಿರಿಯದ ದೆರಾವರೆಗೆ ಹಾಕಿದ ಹಿಜಾಜ್ ರೈಲ್ವೆಯ ಕವಲುಮಾರ್ಗದಲ್ಲಿ ಇದು ಇತ್ತು. ಸಮುದ್ರಮಟ್ಟಕ್ಕಿಂತ ಸುಮಾರು 200 ಮೀಟರ್ ತಗ್ಗಿನ ಈ ಬಯಲನ್ನು ಬಿಟ್ಟ ರೈಲು ಯಾರ್ಮುಕ್ ಕಣಿವೆಯ ಸೇತುವೆಗಳನ್ನು ದಾಟುತ್ತ ಮೇಲೇರಬೇಕಿತ್ತು.

ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ತುರ್ಕಿ ಸೇನೆ ಡಮಾಸ್ಕಸ್‌ನತ್ತ ಹಿಮ್ಮೆಟ್ಟತೊಡಗಿದಾಗ ಈ ಪುಟ್ಟ ನಿಲ್ದಾಣಕ್ಕೆ ದೊಡ್ಡ ಬೆಲೆ ಬಂತು. ಕೊನೆಯವರೆಗೂ ಬಿಡಬೇಡಿ ಎಂದು ಜರ್ಮನ್ ಸೇನಾನಿ ಲಿಮಾನ್ ಫಾನ್ ಸ್ಯಾಂಡರ್ಸ್ ಕಾವಲು ಪಡೆಗೆ ಆಜ್ಞೆ ಕೊಟ್ಟಿದ್ದ. ಜರ್ಮನ್ ಮೆಷಿನ್ ಗನ್ ಪಡೆಯೂ ಅಲ್ಲಿ ಸೇರಿಕೊಂಡಿತ್ತು.

1918ರ ಸೆಪ್ಟೆಂಬರ್ 25ರಂದು ಇನ್ನೂ ಬೆಳಕು ಹರಿಯುವ ಮುನ್ನ ಆಸ್ಟ್ರೇಲಿಯದ 11ನೇ ಲಘು ಅಶ್ವದಳ ಕತ್ತಿ ಹಿರಿದು ಬಯಲಿಗೆ ನುಗ್ಗಿತು. ಮರೆಗೆ ಒಂದು ಮರವೂ ಇಲ್ಲದ ನೆಲ. ಗುಂಡಿನ ಕಿಡಿ ಎಲ್ಲಿ ಕಾಣುತ್ತದೋ ಅತ್ತಲೇ ಕುದುರೆ ಓಡಿಸಬೇಕಿತ್ತು. ನಿಲ್ದಾಣ ತಲುಪಿದ ಸವಾರರು ಕೆಳಗಿಳಿದು ಕೋಣೆಯಿಂದ ಕೋಣೆಗೆ ಕಾದಾಡಿದರು. ಹೊರಗೆ ಇಂಜಿನ್, ಬೋಗಿಗಳ ಮರೆಯಿಂದಲೂ ಗುಂಡು ಹಾರುತ್ತಿತ್ತು. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಆಸ್ಟ್ರೇಲಿಯದ 17 ಸೈನಿಕರು ಸತ್ತರು, ನೂರರ ಆಸುಪಾಸು ಕುದುರೆಗಳು ಉರುಳಿದವು. ಸೆರೆ ಸಿಕ್ಕವರು 360ಕ್ಕೂ ಹೆಚ್ಚು.

1946ರ ಜೂನ್‌ನಲ್ಲಿ ಯಹೂದಿ ಭೂಗತ ಪಡೆ ಯಾರ್ಮುಕ್ ಸೇತುವೆಯನ್ನು ಸ್ಫೋಟಿಸಿದ ಮೇಲೆ ಸಿರಿಯದತ್ತ ರೈಲು ಹೋಗಲಿಲ್ಲ. 1948ರ ಯುದ್ಧದಲ್ಲಿ ಪಕ್ಕದ ಅರಬ್ ಹಳ್ಳಿ ಸೆಮಾಖ್ ಹೇಳಹೆಸರಿಲ್ಲದಂತಾಯಿತು. ನಿಲ್ದಾಣ ಮಾತ್ರ ಉಳಿಯಿತು. ಈಗ ಅದು ಕಿನ್ನೆರೆತ್ ಕಾಲೇಜಿನ ಆವರಣದಲ್ಲಿದ್ದು, ಜೀರ್ಣೋದ್ಧಾರಗೊಂಡಿದೆ.

ಇಲ್ಲಿನ ಸ್ಮಾರಕಗಳಲ್ಲಿ ಮುಖ್ಯವಾದದ್ದು 2019ರಲ್ಲಿ ಅನಾವರಣಗೊಂಡ ಆಸ್ಟ್ರೇಲಿಯದ ಮೂಲನಿವಾಸಿ ಸವಾರ ಮತ್ತು ಅವನ ಕುದುರೆಯ ಶಿಲ್ಪ. 11ನೇ ದಳದಲ್ಲಿ ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿ ಯೋಧರು ಹಲವರಿದ್ದರು. ಯುದ್ಧದಿಂದ ಮರಳಿದ ಸೈನಿಕರಿಗೆ ಆಸ್ಟ್ರೇಲಿಯ ಜಮೀನು ಹಂಚಿದಾಗ ಮೂಲನಿವಾಸಿ ಯೋಧರಲ್ಲಿ ಬಹುತೇಕರಿಗೆ ಅದು ದಕ್ಕಲಿಲ್ಲ. ಒಂದು ಶತಮಾನ ತಡವಾಗಿ ಬಂದರೂ ಈ ಶಿಲ್ಪ ಸಲ್ಲಬೇಕಾದವರಿಗೇ ಸಂದಿದೆ.

ಕನ್ನಡಿಗರ ನಂಟು ಇದೇ ಹಳಿಯ ಇನ್ನೊಂದು ತುದಿಯಲ್ಲಿದೆ. ಸೆಮಾಖ್ ಕಾಳಗಕ್ಕೆ ಎರಡೇ ದಿನ ಮುಂಚೆ, ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಹೈಫಾವನ್ನು ಗೆದ್ದಿದ್ದರು. ಅಂದು ಸುಮಾರು 1,350 ಮಂದಿ ಸೆರೆಯಾದರು. ಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಪಡೆಗಳನ್ನು ಪ್ರತಿನಿಧಿಸುತ್ತವೆ.